ಬಾಕ್ಸರ್ ನಿಲುವು ಬದಲಿಸಬೇಕೆ? ಯಾರು, ಯಾವಾಗ, ಎಷ್ಟು, ಹೇಗೆ

2025ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಬಾಕ್ಸರ್ ಟೆರೆನ್ಸ್ ಕ್ರಾಫರ್ಡ್ ಲಾಸ್ ವೇಗಸ್‌ನಲ್ಲಿ ಕನೆಲೊ ಅಲ್ವಾರೆಜ್‌ನನ್ನು ಸೋಲಿಸಿ ಮೂರನೆಯ ತೂಕ ವಿಭಾಗದಲ್ಲೂ ನಿರ್ವಿವಾದ ಚಾಂಪಿಯನ್ ಆದಂದಿನಿಂದ ನಮ್ಮ ಬಳ್ಳಾರಿಯ ಹುಡುಗರಿಗೆ ನಿಲುವು, ಅಂದರೆ ಯಾವ ಕಾಲು, ಯಾವ ಕೈ ಮುಂದಿಟ್ಟು ನಿಲ್ಲುತ್ತೇವೆ ಎಂಬುದನ್ನು, ಬದಲಿಸುವ ಹುಚ್ಚು ಹಿಡಿದಿದೆ. ಕ್ರಾಫರ್ಡ್ ಬಲಗೈಯ ಮನುಷ್ಯ. ಆದರೂ ಹೆಚ್ಚು ಹೊತ್ತು ಎಡಗೈಯವರಂತೆ ನಿಂತು ಸೆಣಸುತ್ತಿದ್ದ, ಬೇಕೆನಿಸಿದಾಗ ತಿರುಗಿ ನಿಲ್ಲುತ್ತಿದ್ದ. ಮೊಬೈಲ್‌ನಲ್ಲಿ ಅದನ್ನು ನೋಡಿದವರು ಮರುದಿನ ಮೈದಾನಕ್ಕೆ ಬಂದು ಕಾಲು ಅದಲುಬದಲು ಮಾಡುತ್ತಾ ಕುಣಿಯುತ್ತಾರೆ. ಜ್ಯಾಬ್ (ಮುಂದಿನ ಕೈಯ ಚುರುಕು ನೇರ ಹೊಡೆತ) ಹೊಡೆದ ಕೈಯನ್ನು ಗದ್ದದ ಬಳಿಗೆ ಮರಳಿ ತರುವ ಶಿಸ್ತು ಇನ್ನೂ ಬಂದಿರುವುದಿಲ್ಲ, ಅಷ್ಟರಲ್ಲೇ ಎರಡನೆಯ ನಿಲುವು ಬೇಕು.

ಹಾಗಾದರೆ ಕಲಿಯಬಾರದೆ? ಕಲಿಯಬೇಕು. ಎದುರು ನಿಲುವಿನಲ್ಲಿ ನಿಲ್ಲುವುದು, ನಡೆಯುವುದು, ಎರಡು ನೇರ ಹೊಡೆತ ಹಾಕುವುದು, ಬಂದ ಹೊಡೆತದಿಂದ ಪಾರಾಗುವುದು, ಇಷ್ಟನ್ನು ಪ್ರತಿಯೊಬ್ಬ ಬಾಕ್ಸರ್ ಕಲಿಯಬೇಕು. ಆದರೆ ಸ್ಪರ್ಧೆಯಲ್ಲಿ ಅದನ್ನು ಬಳಸಬೇಕಾದವರು ಕೆಲವರೇ. ಹೆಚ್ಚಿನವರಿಗೆ ಅದರಿಂದ ಸಿಗುವ ಲಾಭ ಬೇರೆಯದೇ ಆಗಿರುತ್ತದೆ: ಎದುರಾಳಿಯ ಕಾಲುಗಳನ್ನು ಓದುವ ಕಣ್ಣು, ಮತ್ತು ಜೊತೆಗಾರರಿಗೆ ಒಬ್ಬ ಒಳ್ಳೆಯ ಅಭ್ಯಾಸದ ಎದುರಾಳಿ.

ಯಾವುದು ಯಾವ ನಿಲುವು

ಎಡಗಾಲು, ಎಡಗೈ ಮುಂದಿದ್ದು ಬಲಗೈ ಹಿಂದೆ ಕಾದಿದ್ದರೆ ಅದು ಆರ್ಥೊಡಾಕ್ಸ್. ಬಲಗಾಲು, ಬಲಗೈ ಮುಂದಿದ್ದು ಎಡಗೈ ಹಿಂದಿದ್ದರೆ ಸೌತ್‌ಪಾ. ಮುಂದಿನ ಕೈ ಜ್ಯಾಬ್ ಹೊಡೆಯುತ್ತದೆ, ಹಿಂದಿನ ಕೈ ದೂರದಿಂದ ಸೊಂಟದ ಬಲವನ್ನು ಹೊತ್ತು ಬರುತ್ತದೆ. ಎಡಗೈಯವರೆಲ್ಲ ಸೌತ್‌ಪಾ ಅಲ್ಲ, ಸೌತ್‌ಪಾಗಳೆಲ್ಲ ಎಡಗೈಯವರೂ ಅಲ್ಲ. ಆಸ್ಕರ್ ಡೆ ಲಾ ಹೋಯಾ, ಮಿಗೆಲ್ ಕೊಟ್ಟೊ ಇಬ್ಬರೂ ಹುಟ್ಟಾ ಎಡಗೈಯವರು. ಸೆಣಸಿದ್ದು ಆರ್ಥೊಡಾಕ್ಸ್ ನಿಲುವಿನಲ್ಲಿ. ಬಲವಾದ ಕೈ ಮುಂದೆಯೇ ಇದ್ದುದರಿಂದ ಅವರ ಎಡಗೈ ಹುಕ್ (ಮೊಳಕೈ ಮಡಚಿ ಪಕ್ಕದಿಂದ ಬೀಸುವ ಹೊಡೆತ) ಎದುರಾಳಿಗಳಿಗೆ ತಲೆನೋವಾಯಿತು. ನಮ್ಮಲ್ಲಿ ಮೇರಿ ಕೋಮ್, ಅಮಿತ್ ಪಂಘಲ್ ಸೌತ್‌ಪಾಗಳು.

ಮೊದಲು ಸ್ವಂತ ನಿಲುವು ಯಾವುದೆಂದು ಸರಿಯಾಗಿ ನೋಡಿ

ನಮ್ಮ ಕಡೆಯ ಮನೆಗಳಲ್ಲಿ ಎಡಗೈಯಲ್ಲಿ ಉಂಡರೆ ಬೈಗುಳ, ಎಡಗೈಯಲ್ಲಿ ದುಡ್ಡು ಕೊಟ್ಟರೆ ಬೈಗುಳ. ಹೀಗೆ ತಿದ್ದಿಸಿಕೊಂಡು ಬೆಳೆದ ಮಗುವನ್ನು ತರಬೇತಿಗೆ ಬಂದ ದಿನ ‘ಯಾವ ಕೈ?’ ಎಂದು ಕೇಳಿದರೆ ಅದು ‘ಬಲಗೈ’ ಎನ್ನುತ್ತದೆ. ಬಾಯಿಮಾತನ್ನು ನಂಬಬೇಡಿ. ಟೆನಿಸ್ ಚೆಂಡನ್ನು ಕೊಟ್ಟು ದೂರಕ್ಕೆ ಎಸೆಯಲು ಹೇಳಿ. ಚೆಂಡನ್ನು ಒದೆಯಲು ಹೇಳಿ. ಗೋಡೆಯ ಮೇಲೆ ತುಸು ಎತ್ತರದಲ್ಲಿ ಗುರುತು ಮಾಡಿ, ಅದನ್ನು ಜೋರಾಗಿ ಗುದ್ದುವಂತೆ ನಟಿಸಲು ಹೇಳಿ. ಯಾವ ಕಾಲು ತಾನಾಗಿ ಹಿಂದೆ ಹೋಗುತ್ತದೆ ಎಂದು ನೋಡಿ. ಒಂದೇ ದಿನ ತೀರ್ಮಾನಿಸುವ ಅಗತ್ಯವಿಲ್ಲ, ಒಂದೆರಡು ವಾರ ಗಮನಿಸಬಹುದು.

ಗರಡಿಯಿಂದ ಬರುವ ಹುಡುಗರದ್ದು ಇನ್ನೊಂದು ಕಥೆ. ಕುಸ್ತಿಯಲ್ಲಿ ಬಲಗೈಯವರು ಸಾಮಾನ್ಯವಾಗಿ ಬಲಗಾಲನ್ನೇ ಮುಂದಿಟ್ಟು ನಿಲ್ಲುತ್ತಾರೆ. ಜಾತ್ರೆಯ ಕಣದಲ್ಲಿ ನಾಲ್ಕು ವರ್ಷ ಹಾಗೆ ನಿಂತವನಿಗೆ ಬಾಕ್ಸಿಂಗ್‌ನಲ್ಲಿ ಎಡಗಾಲು ಮುಂದಿಡು ಎಂದರೆ ಕಾಲು ಕೇಳುವುದಿಲ್ಲ. ನೊಗದ ಎಡಗಡೆಗೆ ಪಳಗಿದ ಎತ್ತನ್ನು ಬಲಗಡೆಗೆ ಕಟ್ಟಿದರೆ ಸಾಲು ಹೇಗೆ ಸೊಟ್ಟಗಾಗುತ್ತದೆ ಎಂದು ರೈತರ ಮಕ್ಕಳಿಗೆ ಹೇಳಿಕೊಡಬೇಕಿಲ್ಲ. ಅಂಥ ಹುಡುಗನನ್ನು ಸೌತ್‌ಪಾ ಆಗಿಯೇ ಬೆಳೆಸುವುದರಲ್ಲಿ ತಪ್ಪೇನೂ ಇಲ್ಲ. ‘ಎಲ್ಲರಂತೆ ನಿಲ್ಲು’ ಎಂಬ ಒಂದೇ ಕಾರಣಕ್ಕೆ ಎಡಚರನ್ನೂ ಕುಸ್ತಿಯ ಹುಡುಗರನ್ನೂ ತಿರುಗಿಸಿ ನಿಲ್ಲಿಸುವ ತರಬೇತುದಾರರಿಗೆ ನಿಜವಾಗಿ ಬೇಕಿರುವುದು ಮಕ್ಕಳ ಅನುಕೂಲವಲ್ಲ, ತಮ್ಮ ಸಾಲಿನ ಅಂದ.

ಕಲಿಯುವುದರಿಂದ ಏನು ಲಾಭ

ಸೌತ್‌ಪಾಗಳ ಮೇಲುಗೈಗೆ ಮುಖ್ಯ ಕಾರಣ ಸರಳವಾದದ್ದು. ಸೌತ್‌ಪಾ ದಿನವೂ ಆರ್ಥೊಡಾಕ್ಸ್ ಬಾಕ್ಸರ್‌ಗಳ ಜೊತೆಯಲ್ಲೇ ಅಭ್ಯಾಸ ಮಾಡುತ್ತಾನೆ, ಏಕೆಂದರೆ ಸುತ್ತಲೂ ಇರುವವರೇ ಅವರು. ಆರ್ಥೊಡಾಕ್ಸ್ ಬಾಕ್ಸರ್‌ಗೆ ಸೌತ್‌ಪಾ ಸಿಗುವುದು ಅಪರೂಪಕ್ಕೆ, ಅದೂ ಸ್ಪರ್ಧೆಯ ದಿನ. ಕೊಪ್ಪಳ, ರಾಯಚೂರಿನಂಥ ಊರುಗಳಲ್ಲಿ ಒಂದು ಕೇಂದ್ರಕ್ಕೆ ಬರುವವರೇ ಹತ್ತಿಪ್ಪತ್ತು ಮಂದಿ. ಅವರಲ್ಲಿ ನಿಮ್ಮ ತೂಕಕ್ಕೆ ಹೊಂದುವ ಸೌತ್‌ಪಾ ಇರುವ ಸಾಧ್ಯತೆ ಎಷ್ಟು? ಹಾಗಾಗಿ ನಾಲ್ವರು ಆರ್ಥೊಡಾಕ್ಸ್ ಹುಡುಗರು ಓರಣವಾಗಿ ಸೌತ್‌ಪಾ ನಿಲ್ಲಲು ಕಲಿತರೆ ಇಡೀ ಕೇಂದ್ರಕ್ಕೆ ನಾಲ್ವರು ಎದುರಾಳಿಗಳು ಸಿಕ್ಕಂತಾಯಿತು. ನನ್ನ ಲೆಕ್ಕದಲ್ಲಿ ಈ ವಿದ್ಯೆಯ ಅತಿ ದೊಡ್ಡ ಉಪಯೋಗ ಇದೇ.

ಇದೇ ಕಾರಣಕ್ಕೆ, ಹುಟ್ಟಾ ಸೌತ್‌ಪಾ ಆದವನು ಆರ್ಥೊಡಾಕ್ಸ್ ಕಲಿಯಲು ಅವಸರಪಡಬೇಕಿಲ್ಲ. ಅವನ ಕೈಯಲ್ಲಿರುವ ದೊಡ್ಡ ಬಂಡವಾಳವೇ ಅವನ ಅಪರೂಪ. ತಿರುಗಿ ನಿಂತ ಕೂಡಲೇ ಎದುರಾಳಿಗೆ ದಿನನಿತ್ಯದ ಪರಿಚಯದ ಚಿತ್ರ ಸಿಕ್ಕಿಬಿಡುತ್ತದೆ. 1987ರ ಏಪ್ರಿಲ್ 6ರಂದು ಮಾರ್ವಿನ್ ಹ್ಯಾಗ್ಲರ್ ಶುಗರ್ ರೇ ಲೆನಾರ್ಡ್ ಎದುರು ಮಾಡಿದ್ದು ಇದನ್ನೇ. ಜಗತ್ತಿಗೆಲ್ಲ ಸೌತ್‌ಪಾ ಎಂದು ಗೊತ್ತಿದ್ದ ಹ್ಯಾಗ್ಲರ್ ಆರ್ಥೊಡಾಕ್ಸ್ ನಿಲುವಿನಲ್ಲಿ ಆರಂಭಿಸಿದ. ಮೊದಲೆರಡು ಸುತ್ತುಗಳು ಮೂವರೂ ತೀರ್ಪುಗಾರರ ಲೆಕ್ಕದಲ್ಲಿ ಲೆನಾರ್ಡ್ ಪಾಲಾದವು. ಮೂರನೆಯ ಸುತ್ತಿಗೆ ಹ್ಯಾಗ್ಲರ್ ತನ್ನ ನಿಲುವಿಗೆ ಮರಳಿದ. ಹನ್ನೆರಡು ಸುತ್ತು ಮುಗಿದಾಗ ಒಡೆದ ತೀರ್ಪಿನಲ್ಲಿ (ಮೂವರು ತೀರ್ಪುಗಾರರಲ್ಲಿ ಇಬ್ಬರು ಒಂದು ಕಡೆ, ಒಬ್ಬರು ಇನ್ನೊಂದು ಕಡೆ) ಸೋತ. ಆ ತೀರ್ಪಿನ ಜಗಳ ಇಂದಿಗೂ ಮುಗಿದಿಲ್ಲ, ಆದರೆ ಕೈಯಾರೆ ಬಿಟ್ಟುಕೊಟ್ಟ ಆ ಎರಡು ಸುತ್ತುಗಳ ಬಗ್ಗೆ ಜಗಳವಿಲ್ಲ. ಹನ್ನೆರಡು ಸುತ್ತಿನಲ್ಲೇ ಎರಡು ಸುತ್ತು ಇಷ್ಟು ದುಬಾರಿಯಾದರೆ, ನಮ್ಮ ಹುಡುಗರು ಆಡುವ ಅಮೆಚೂರ್ ಪಂದ್ಯದಲ್ಲಿ ಇರುವುದೇ ಮೂರು ಸುತ್ತು. ಹಿರಿಯರ ವಿಭಾಗದಲ್ಲಿ ಸುತ್ತಿಗೆ ಮೂರು ನಿಮಿಷ. ಪ್ರಯೋಗ ಮಾಡುತ್ತಾ ಒಂದು ಸುತ್ತು ಕಳೆದುಕೊಂಡವನು ಉಳಿದ ಎರಡನ್ನೂ ಗೆಲ್ಲಲೇಬೇಕು.

ಯಾರು ಆರಂಭಿಸಬಹುದು

ವರ್ಷಗಳ ಲೆಕ್ಕ ಹೇಳುವುದಿಲ್ಲ, ಪರೀಕ್ಷೆ ಹೇಳುತ್ತೇನೆ. ಸ್ವಂತ ನಿಲುವಿನಲ್ಲಿ ನಾಲ್ಕೂ ದಿಕ್ಕಿಗೆ ಚಲಿಸುವಾಗ ನಿಮ್ಮ ಕಾಲುಗಳು ಒಂದನ್ನೊಂದು ದಾಟಬಾರದು. ಮೂರು ಸುತ್ತು ಸ್ಪಾರಿಂಗ್ (ಜೊತೆಗಾರನೊಡನೆ ಅಭ್ಯಾಸದ ಸೆಣಸಾಟ) ಮಾಡಿ ಉಸಿರು ಕಟ್ಟಿದಾಗಲೂ ಹಿಂದಿನ ಕೈ ಗದ್ದದ ಬಳಿಯೇ ಇರಬೇಕು. ಹೊಡೆಸಿಕೊಂಡಾಗ ಕಣ್ಣು ಮುಚ್ಚದೆ ನಿಲುವಿಗೆ ಮರಳಬೇಕು. ಜೊತೆಗಾರನಿಂದ ಮೊಬೈಲ್‌ನಲ್ಲಿ ಕೊನೆಯ ಸುತ್ತಿನ ಕೊನೆಯ ನಿಮಿಷವನ್ನು ಚಿತ್ರೀಕರಿಸಿ ನೋಡಿ. ಸುಳ್ಳು ಹೇಳದ ತೀರ್ಪುಗಾರ ಅದು. ಇಷ್ಟು ಇಲ್ಲದಿದ್ದರೆ ಮುಂದಿನ ಹಂತಗಳನ್ನು ಓದಿಟ್ಟುಕೊಳ್ಳಿ, ಈಗಲೇ ಮಾಡಬೇಡಿ.

ಕೆಳಗಿನ ಹಂತಗಳನ್ನು ಆರ್ಥೊಡಾಕ್ಸ್‌ನಿಂದ ಸೌತ್‌ಪಾಗೆ ಹೋಗುವವರಿಗಾಗಿ ಬರೆದಿದ್ದೇನೆ. ಸೌತ್‌ಪಾಗಳು ಲಿವರ್‌ನ ಮಾತೊಂದನ್ನು ಬಿಟ್ಟು ಎಡ ಬಲಗಳನ್ನು ಅದಲುಬದಲು ಮಾಡಿಕೊಂಡು ಓದಬೇಕು.

ಹಂತ 1: ನಿಲ್ಲುವುದು

ಸಿಮೆಂಟ್ ನೆಲದ ಮೇಲೆ ಸೀಮೆಸುಣ್ಣದಿಂದ ಒಂದು ನೇರ ಗೆರೆ ಎಳೆಯಿರಿ. ಬಲಪಾದ ಗೆರೆಯ ಒಂದು ಬದಿಗೆ, ಎಡಪಾದ ಇನ್ನೊಂದು ಬದಿಗೆ, ನಡುವೆ ಹೆಗಲಗಲದ ಅಂತರ. ಬಲಪಾದದ ಬೆರಳುಗಳು ತುಸು ಒಳಕ್ಕೆ ತಿರುಗಿರಲಿ. ಎಡ ಹಿಮ್ಮಡಿ ನೆಲದಿಂದ ಸ್ವಲ್ಪ ಎದ್ದಿರಲಿ. ಮೊಣಕಾಲು ಸಡಿಲ, ಗದ್ದ ಬಲಹೆಗಲಿನ ಮರೆಯಲ್ಲಿ.

ಹೊಸಬರು ಮೂರು ಕಡೆ ಎಡವುತ್ತಾರೆ. ಎರಡೂ ಪಾದಗಳನ್ನು ಒಂದೇ ಗೆರೆಯ ಮೇಲಿಟ್ಟು ಒಂದು ತಳ್ಳಿಗೇ ಬೀಳುವಂತೆ ನಿಲ್ಲುತ್ತಾರೆ. ಸದಾ ಮುಂದೆ ಚಾಚಿ ಅಭ್ಯಾಸವಾದ ಎಡಗೈ ಈಗ ಹಿಂದೆ ಬಂದರೂ ಗದ್ದದ ಬಳಿ ನಿಲ್ಲದೆ ಎದೆಯ ಮಟ್ಟಕ್ಕೆ ಇಳಿಯುತ್ತದೆ. ಮೂರನೆಯದು ಎಲ್ಲಕ್ಕಿಂತ ಅಪಾಯದ್ದು: ಬಲ ಮೊಳಕೈ ಪಕ್ಕೆಯಿಂದ ದೂರ ಸರಿಯುತ್ತದೆ. ಮನುಷ್ಯನ ಲಿವರ್ ಇರುವುದು ಬಲಪಕ್ಕೆಲುಬುಗಳ ಕೆಳಗೆ. ಆರ್ಥೊಡಾಕ್ಸ್ ನಿಲುವಿನಲ್ಲಿ ಅದು ಎದುರಾಳಿಯಿಂದ ದೂರದ ಬದಿಯಲ್ಲಿರುತ್ತದೆ. ನೀವು ತಿರುಗಿ ನಿಂತ ಕ್ಷಣ ಅವನ ಎಡಗೈ ಹುಕ್‌ಗೆ ಹತ್ತಿರದ ಬದಿಗೆ ಬರುತ್ತದೆ. ಅಲ್ಲಿಗೆ ಸರಿಯಾಗಿ ಬಿದ್ದ ಒಂದು ಹೊಡೆತ ಎಂಥ ಗಟ್ಟಿಗನನ್ನೂ ಮೊಣಕಾಲೂರಿಸುತ್ತದೆ. ಬಲ ಮೊಳಕೈಗೂ ಪಕ್ಕೆಗೂ ನಡುವೆ ಮಡಚಿದ ಟವೆಲ್ ಸಿಕ್ಕಿಸಿಕೊಂಡು ನಿಲ್ಲಿ, ನಡೆಯಿರಿ. ಅದು ಬೀಳಬಾರದು.

ಹಂತ 2: ನಡೆಯುವುದು

ಮುಂದಕ್ಕೆ ಹೋಗುವಾಗ ಮುಂದಿನ ಕಾಲು ಮೊದಲು, ಹಿಂದಕ್ಕೆ ಬರುವಾಗ ಹಿಂದಿನ ಕಾಲು ಮೊದಲು. ಬಲಕ್ಕೆ ಸರಿಯುವಾಗ ಬಲಗಾಲು, ಎಡಕ್ಕೆ ಸರಿಯುವಾಗ ಎಡಗಾಲು. ಎರಡು ವಾರ ಕೈಗಳನ್ನು ಗಾರ್ಡ್‌ನಲ್ಲಿ (ಮುಖ ಕಾಯುವ ಭಂಗಿಯಲ್ಲಿ) ಕಟ್ಟಿಟ್ಟುಕೊಂಡು ಇಷ್ಟನ್ನೇ ಮಾಡಿ. ಬೇಸರ ಬರುತ್ತದೆ, ಬರಲಿ.

ಅಭ್ಯಾಸ ಯಾವ ಹೊತ್ತಿಗೆ ಎಂಬುದೂ ಮುಖ್ಯ. ಮೈ ಬಿಸಿ ಮಾಡಿಕೊಂಡ ಕೂಡಲೇ, ಕಾಲು ತಾಜಾ ಇರುವಾಗ ಹೊಸ ನಿಲುವಿನ ಕೆಲಸ ಮುಗಿಸಿ. ಕೊನೆಯಲ್ಲಿ ದಣಿದಾಗ ಮಾಡಿದರೆ ದೇಹ ತಪ್ಪನ್ನೇ ಕಲಿಯುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಬಳ್ಳಾರಿ, ರಾಯಚೂರಿನ ಬಿಸಿಲು 40 ಡಿಗ್ರಿ ದಾಟುತ್ತದೆ. ಬೆಳಗಿನ ಐದೂವರೆಗೆ ಮೈದಾನದಲ್ಲಿರಿ, ಏಳೂವರೆಯೊಳಗೆ ಮುಗಿಸಿ. ಇನ್ನೊಂದು ಎಚ್ಚರ: ಇಷ್ಟು ದಿನ ಬಲಗಾಲಿನ ಮೀನಖಂಡ ಹೊತ್ತಿದ್ದ ಭಾರ ಈಗ ಎಡಗಾಲಿಗೆ ಬೀಳುತ್ತದೆ. ಸಿಮೆಂಟ್ ನೆಲದಲ್ಲಿ ಹಿಮ್ಮಡಿಯ ಮೇಲಿನ ನರ ಹಿಡಿದುಕೊಂಡು ನೋವು ಬಂದರೆ ಮಣ್ಣಿನ ಅಂಗಳಕ್ಕೋ ಮ್ಯಾಟ್‌ಗೋ ಹೋಗಿ, ಹೊತ್ತನ್ನು ಅರ್ಧ ಮಾಡಿ.

ಹಂತ 3: ಬಲಗೈ ಜ್ಯಾಬ್

ಬಲಗೈ ನಿಮ್ಮ ಶಕ್ತಿಯ ಕೈ, ಹಾಗಾಗಿ ಇದು ಸುಲಭ ಎನಿಸುತ್ತದೆ. ಅಲ್ಲೇ ಮೋಸ. ಆ ಕೈಗೆ ಇಷ್ಟು ದಿನ ಕಲಿಸಿದ್ದು ಹಿಂದಕ್ಕೆಳೆದು ಜೋರಾಗಿ ಹೊಡೆಯುವುದನ್ನು. ಜ್ಯಾಬ್‌ಗೆ ಬೇಕಾದದ್ದು ಬೇಗ ಹೋಗಿ ಬೇಗ ಬರುವ ಕೈ. ಗೋಡೆಗೆ ಬಲಹೆಗಲು ತಾಗುವಂತೆ, ಗೋಡೆಯ ಉದ್ದಕ್ಕೆ ಮುಖ ಮಾಡಿ ನಿಂತು ಜ್ಯಾಬ್ ಹೊಡೆಯಿರಿ. ಮೊಳಕೈ ಹೊರಗೆ ಹೋದರೆ ಗೋಡೆಯೇ ಹೇಳುತ್ತದೆ. ಇದು ಕೂಡಿಬಂದರೆ ಮಾತ್ರ ಬಲವಾದ ಕೈ ಮುಂದಿರುವುದರ ಲಾಭ ಕಾಣುತ್ತದೆ: ಎದುರಾಳಿಯ ತಲೆಯನ್ನು ಹಿಂದಕ್ಕೆ ತಳ್ಳುವ ಜ್ಯಾಬ್.

ಹಂತ 4: ಎಡಗೈಯ ನೇರ ಹೊಡೆತ

ಕಠಿಣವಾದದ್ದು ಇದೇ, ಹೆಚ್ಚಿನವರು ಸೋಲುವುದೂ ಇಲ್ಲೇ. ಎಡಗೈ ದುರ್ಬಲ ಎಂದು ಡಂಬೆಲ್ ಎತ್ತಲು ಹೋಗುತ್ತಾರೆ. ಕೊರತೆ ಇರುವುದು ತೋಳಿನಲ್ಲಿ ಅಲ್ಲ, ಸೊಂಟದಲ್ಲಿ. ಎಡಪಾದದ ಮುಂಭಾಗ ನೆಲವನ್ನು ತಿರುಚಬೇಕು, ಹಿಮ್ಮಡಿ ಹೊರಳಬೇಕು, ಎಡಸೊಂಟ ಮುಂದೆ ಬರಬೇಕು, ಆಮೇಲೆ ಹೆಗಲು, ಕೊನೆಗೆ ಮುಷ್ಟಿ. ಈ ಕ್ರಮ ದೇಹಕ್ಕೆ ಗೊತ್ತಾಗಲು ನಾನು ಹೇಳಿಕೊಡುವ ಉಪಾಯ ಟೆನಿಸ್ ಚೆಂಡು. ಎಡಗೈಯಿಂದ ಗೋಡೆಗೆ ಎಸೆಯಿರಿ, ದಿನಕ್ಕೆ ಐದು ನಿಮಿಷ. ಮೊದಲ ವಾರ ಚೆಂಡು ಎಲ್ಲೆಲ್ಲೋ ಹೋಗುತ್ತದೆ, ನೋಡುವವರು ನಗುತ್ತಾರೆ. ಎಸೆತ ನೇರವಾದ ದಿನ ಹೊಡೆತವೂ ನೇರವಾಗತೊಡಗುತ್ತದೆ. ಬ್ಯಾಗ್ ಮೇಲೆ ಅರ್ಧ ವೇಗ, ಅರ್ಧ ಬಲ. ಕೈಪಟ್ಟಿ ಸರಿಯಾಗಿ ಸುತ್ತಿರಲೇಬೇಕು, ಏಕೆಂದರೆ ಎಡ ಮಣಿಕಟ್ಟಿಗೆ ಪೂರ್ಣ ಬಲದ ಹೊಡೆತದ ಅಭ್ಯಾಸವಿಲ್ಲ.

ಹುಕ್, ಅಪ್ಪರ್‌ಕಟ್ (ಕೆಳಗಿನಿಂದ ಮೇಲಕ್ಕೆ ಬರುವ ಹೊಡೆತ) ಸದ್ಯಕ್ಕೆ ಬೇಡ. ಜ್ಯಾಬ್, ಎಡ ನೇರ, ಮತ್ತೆ ಮೊಣಕಾಲು ಬಗ್ಗಿಸಿ ಹೊಟ್ಟೆಗೆ ಅದೇ ಎಡ ನೇರ. ಸಾಕು.

ಹಂತ 5: ರಕ್ಷಣೆ

ಎಲ್ಲರೂ ಹಾರಿಸಿಬಿಡುವ ಹಂತ. ಜೊತೆಗಾರ ನಿಧಾನವಾಗಿ ಜ್ಯಾಬ್ ಹಾಕಲಿ, ನೀವು ಹೊಡೆಯದೆ ಬರೀ ತಪ್ಪಿಸಿಕೊಳ್ಳಿ: ಕೈಯಿಂದ ಸರಿಸುವುದು, ತಲೆ ಸರಿಸುವುದು, ಒಂದು ಹೆಜ್ಜೆ ಹಿಂದೆ. ಆಮೇಲೆ ಅವನ ಬಲಗೈ ಬರಲಿ. ಹೊಸ ನಿಲುವಿನಲ್ಲಿ ನಿಮಗೆ ಮೊದಲು ಬೀಳುವ ಹೊಡೆತವೇ ಅದು.

ಹಂತ 6: ಕಾಲುಗಳ ಜಗಳ

ಒಂದೇ ನಿಲುವಿನ ಇಬ್ಬರು ಎದುರಾದರೆ ಮುಂದಿನ ಕಾಲುಗಳು ಕರ್ಣರೇಖೆಯಲ್ಲಿರುತ್ತವೆ. ಆರ್ಥೊಡಾಕ್ಸ್ ಮತ್ತು ಸೌತ್‌ಪಾ ಎದುರಾದರೆ ಮುಂದಿನ ಕಾಲುಗಳು ಎದುರುಬದುರು. ಕಾಲು ತುಳಿಯುವುದು, ತಲೆಗೆ ತಲೆ ಬಡಿಯುವುದು ಇಲ್ಲಿ ಹೆಚ್ಚು. 2013ರಿಂದ ಹಿರಿಯ ಪುರುಷರ ವಿಭಾಗದಲ್ಲಿ ಹೆಡ್‌ಗಾರ್ಡ್ ಇಲ್ಲದ ಕಾರಣ ತಲೆ ತಾಗಿದರೆ ಹುಬ್ಬು ಒಡೆಯುತ್ತದೆ.

ಮೂಲ ನಿಯಮ ಒಂದೇ. ಯಾರ ಮುಂದಿನ ಪಾದ ಎದುರಾಳಿಯ ಮುಂದಿನ ಪಾದಕ್ಕಿಂತ ಹೊರಬದಿಯಲ್ಲಿದೆಯೋ ಅವರ ಹಿಂದಿನ ಕೈಗೆ ದಾರಿ ತೆರೆದಿರುತ್ತದೆ. ಸೌತ್‌ಪಾ ಆಗಿ ನಿಂತ ನೀವು ನಿಮ್ಮ ಬಲಪಾದವನ್ನು ಅವನ ಎಡಪಾದದ ಹೊರಗೆ ಇಡಬೇಕು. ಆಗ ನಿಮ್ಮ ಎಡಗೈ ಅವನ ಗದ್ದದ ನೇರಕ್ಕೆ ಬರುತ್ತದೆ, ಅವನ ಬಲಗೈ ದೂರವಾಗುತ್ತದೆ. ಅವನೂ ಇದನ್ನೇ ಬಯಸುತ್ತಾನೆ. ಆದ್ದರಿಂದ ನೀವು ನಿಮ್ಮ ಬಲಕ್ಕೆ, ಅವನು ಅವನ ಎಡಕ್ಕೆ ಸುತ್ತುತ್ತಿರುತ್ತೀರಿ. ಇದೇ ಪಾಠ ನೀವು ಸ್ವಂತ ನಿಲುವಿಗೆ ಮರಳಿ ಸೌತ್‌ಪಾ ಒಬ್ಬನನ್ನು ಎದುರಿಸಿದಾಗ ತಲೆಕೆಳಗಾಗಿ ಉಪಯೋಗಕ್ಕೆ ಬರುತ್ತದೆ. ಒಳಬದಿಯ ಪಾದಕ್ಕೂ ಕೆಲಸವಿದೆ: ಅಲ್ಲಿಂದ ಜ್ಯಾಬ್ ನೇರ ನಡುವಿನಿಂದ ಹೋಗುತ್ತದೆ. ಆದರೆ ಅದು ಹೊರಬದಿಯ ಆಟ ಕೂಡಿಬಂದವರಿಗೆ.

ಗ್ಲೌಸ್ ಇಲ್ಲದೆ ಇದನ್ನು ಆಟದಂತೆ ಆಡಿಸಿ. ಇಬ್ಬರೂ ಕೈ ಹಿಂದೆ ಕಟ್ಟಿಕೊಂಡು, ತುಳಿಯದೆ, ಎದುರಿನವನ ಮುಂದಿನ ಪಾದದ ಹೊರಗೆ ತಮ್ಮ ಪಾದ ಇಡಬೇಕು. ಮಕ್ಕಳು ಇದನ್ನು ಬಿಟ್ಟು ಏಳುವುದೇ ಇಲ್ಲ. ದೊಡ್ಡ ಪಂದ್ಯಗಳು ನಮ್ಮ ಕಡೆ ನಡೆದಾಗ ಹೋಗಿ ನೋಡಿ. 2021ರ ಸೆಪ್ಟೆಂಬರ್‌ನಲ್ಲಿ ಪುರುಷರ ರಾಷ್ಟ್ರೀಯ ಚಾಂಪಿಯನ್‌ಷಿಪ್ ನಡೆದದ್ದು ಇಲ್ಲೇ, ತೋರಣಗಲ್ಲಿನ ಕಡೆಯ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಲ್ಲಿ. ಅಂಥಲ್ಲಿ ಕುಳಿತಾಗ ಒಂದು ಪಂದ್ಯವನ್ನಾದರೂ ಸೊಂಟದಿಂದ ಕೆಳಗೆ ಮಾತ್ರ ನೋಡಿ.

ಹಂತ 7: ಒಂದರಿಂದ ಇನ್ನೊಂದಕ್ಕೆ ದಾಟುವುದು

ದಾಟುವ ಕ್ಷಣದಲ್ಲಿ ಎರಡೂ ಪಾದಗಳು ಒಂದೇ ಸಾಲಿಗೆ ಬರುತ್ತವೆ. ಆಗ ಎದೆ ಪೂರ್ತಿ ತೆರೆದಿರುತ್ತದೆ, ಹಿಂದಕ್ಕೆ ಆಧಾರವಿರುವುದಿಲ್ಲ, ಸಣ್ಣ ಹೊಡೆತಕ್ಕೂ ಬೀಳುತ್ತೀರಿ. ಹಾಗಾಗಿ ದಾಟುವುದಕ್ಕೆ ಯಾವಾಗಲೂ ಒಂದು ನೆಪ ಬೇಕು.

ಮೊದಲ ನೆಪ, ಹೊಡೆತ. ಆರ್ಥೊಡಾಕ್ಸ್‌ನಲ್ಲಿ ಬಲಗೈ ಕ್ರಾಸ್ (ಹಿಂದಿನ ಕೈಯ ನೇರ ಹೊಡೆತ) ಹೊಡೆಯಿರಿ, ಅದರ ವೇಗದಲ್ಲೇ ಬಲಗಾಲು ಮುಂದೆ ಬರಲಿ. ಕಾಲು ಊರುವ ಹೊತ್ತಿಗೆ ನೀವು ಸೌತ್‌ಪಾ, ಎಡಗೈ ಹಿಂದೆ ಸಿದ್ಧ. ಎದುರಾಳಿ ಹಿಂದೆ ಸರಿಯುತ್ತಿದ್ದರೆ ಮಾತ್ರ ಇದು ಸಲ್ಲುತ್ತದೆ. ನಿಂತಿದ್ದರೆ ನೇರವಾಗಿ ಅವನ ಹುಕ್‌ಗೆ ತಲೆ ಕೊಟ್ಟಂತೆ. ಎರಡನೆಯ ನೆಪ, ಹಿಮ್ಮೆಟ್ಟುವಿಕೆ. ಅವನು ನುಗ್ಗಿ ಬಂದಾಗ ಎಡಗಾಲನ್ನು ದೊಡ್ಡದಾಗಿ ಹಿಂದೆ ಇಡಿ. ದೂರವೂ ಸಿಕ್ಕಿತು, ನಿಲುವೂ ಬದಲಾಯಿತು, ಬಲಗೈ ಜ್ಯಾಬ್ ಅವನ ದಾರಿಯಲ್ಲಿ ಕಾದಿರುತ್ತದೆ. ಮೂರನೆಯದು ದೂರ: ಇಬ್ಬರ ಕೈಗೂ ಎಟುಕದಷ್ಟು ಅಂತರವಿದ್ದಾಗ ಸುಮ್ಮನೆ ಒಂದು ಹೆಜ್ಜೆಯಲ್ಲಿ ಬದಲಿಸಿ. ಕೈಗೆಟುಕುವ ದೂರದಲ್ಲಿ ಎರಡೂ ಕಾಲು ಎತ್ತಿ ಹಾರಿ ಬದಲಿಸುವುದನ್ನು ನನ್ನ ಅಂಗಳದಲ್ಲಿ ಬಿಡುವುದಿಲ್ಲ. ಗಾಳಿಯಲ್ಲಿರುವ ಮನುಷ್ಯ ತಪ್ಪಿಸಿಕೊಳ್ಳಲಾರ.

ಹಂತ 8: ಸ್ಪಾರಿಂಗ್

ಮೊದಲು ಷರತ್ತಿನ ಸುತ್ತುಗಳು: ಇಬ್ಬರಿಗೂ ಜ್ಯಾಬ್ ಮಾತ್ರ. ನಂತರ ಜ್ಯಾಬ್ ಮತ್ತು ಹೊಟ್ಟೆಯ ಹೊಡೆತ. ತಲೆಗೆ ಹಿಂದಿನ ಕೈ ಕೊನೆಯಲ್ಲಿ, ಅದೂ ಹಗುರವಾಗಿ. 14 ಅಥವಾ 16 ಔನ್ಸ್ ಗ್ಲೌಸ್, ಹೆಡ್‌ಗಾರ್ಡ್, ಮೌತ್‌ಗಾರ್ಡ್ ಕಡ್ಡಾಯ. ಹೆಡ್‌ಗಾರ್ಡ್ ಚರ್ಮ ಹರಿಯುವುದನ್ನು ಕಡಿಮೆ ಮಾಡುತ್ತದೆ, ಮೆದುಳು ಅಲುಗುವುದನ್ನು ತಡೆಯುವುದಿಲ್ಲ. ತಲೆಸುತ್ತು, ವಾಂತಿ, ಮಂಕು ಕಂಡರೆ ಆ ದಿನದ ಅಭ್ಯಾಸ ಅಲ್ಲಿಗೇ ಮುಗಿಯಿತು. ವೈದ್ಯರು ಹೇಳುವವರೆಗೆ ಸ್ಪಾರಿಂಗ್ ಇಲ್ಲ. ಹೊಸ ನಿಲುವಿನಲ್ಲಿ ಹೆಚ್ಚು ಹೊಡೆತ ಬೀಳುವುದು ಖಚಿತವಾದ್ದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಎಷ್ಟು ಹೊತ್ತು, ಎಲ್ಲಿಯವರೆಗೆ

ಒಟ್ಟು ಅಭ್ಯಾಸದ ಐದನೆಯ ಒಂದು ಭಾಗ ಮೀರಬಾರದು. ಐದು ಸುತ್ತು ಶ್ಯಾಡೋ ಬಾಕ್ಸಿಂಗ್ (ಎದುರಾಳಿ ಇಲ್ಲದೆ ಗಾಳಿಯಲ್ಲಿ ಹೊಡೆಯುವ ಅಭ್ಯಾಸ) ಮಾಡಿದರೆ ಒಂದು ಸುತ್ತು ಹೊಸ ನಿಲುವಿಗೆ. ವಾರಕ್ಕೆ ಮೂರು ದಿನ ಸಾಕು.

ಆರು ತಿಂಗಳ ನಂತರ ಚಿತ್ರೀಕರಿಸಿ ನೋಡಿ. ಎಡ ನೇರ ಹೊಡೆದ ಮೇಲೆ ಸಮತೋಲ ಉಳಿಯುತ್ತದೆಯೆ? ಬಲ ಮೊಳಕೈ ಪಕ್ಕೆಯಲ್ಲೇ ಇದೆಯೆ? ಸ್ವಂತ ನಿಲುವಿನ ಜ್ಯಾಬ್ ಮೊದಲಿಗಿಂತ ನಿಧಾನವಾಗಿದೆಯೆ? ಮೂರನೆಯದಕ್ಕೆ ಉತ್ತರ ಹೌದು ಎಂದಾದರೆ ತಕ್ಷಣ ಹೊಸ ನಿಲುವನ್ನು ಬಿಡಿ. ಮೊದಲೆರಡಕ್ಕೂ ಹೌದು, ಮೂರನೆಯದಕ್ಕೆ ಅಲ್ಲ ಎಂದಾದರೆ, ಜಿಲ್ಲಾ ಮಟ್ಟದ ಸಣ್ಣ ಪಂದ್ಯವೊಂದರಲ್ಲಿ, ಮೊದಲೆರಡು ಸುತ್ತುಗಳನ್ನು ನಿಸ್ಸಂಶಯವಾಗಿ ಗೆದ್ದಿರುವಾಗ, ಮೂರನೆಯ ಸುತ್ತಿನಲ್ಲಿ ಹತ್ತಿಪ್ಪತ್ತು ಸೆಕೆಂಡು ಬಳಸಿ ನೋಡಬಹುದು. ಉಳಿದವರು ಜೊತೆಗಾರರಿಗೆ ಸೌತ್‌ಪಾ ಆಗಿ ನಿಲ್ಲಲಿ.

ಆಯ್ಕೆ ಪಂದ್ಯಕ್ಕೆ ಮೂರು ವಾರ ಉಳಿದಿರುವಾಗ ಇದನ್ನೆಲ್ಲ ನಿಲ್ಲಿಸಿ ಸ್ವಂತ ನಿಲುವಿಗೆ ಮರಳಿ. ಪಂದ್ಯ ಮುಗಿದ ಮರುವಾರ ಎರಡನೆಯ ಹಂತದಿಂದ, ಕೈ ಕಟ್ಟಿ ನಡೆಯುವುದರಿಂದಲೇ, ಮತ್ತೆ ಆರಂಭಿಸಿ.